ಮಗುವಿನ ಮೊದಲ ಕೈಟ್: ಎಳೆತಕ್ಕಿಂತ ಬಿಡುಗಡೆ ಮುಖ್ಯ

ಗಾಳಿಪಟದ ಎಳೆತಕ್ಕೆ ಮೈಯೊಡ್ಡಿ, ಕಾಲಡಿಯ ಹಲಗೆಯ ಮೇಲೆ ನೀರು ಸೀಳಿಕೊಂಡು ಹೋಗುವ ಕೈಟ್‌ಸರ್ಫಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ನೆರೆಯ ತಮಿಳುನಾಡಿನ ರಾಮೇಶ್ವರ, ತೂತ್ತುಕುಡಿಗಳಲ್ಲೂ ಇದನ್ನು ಕಲಿಸುತ್ತಾರೆ. ಮಗ ಅಥವಾ ಮಗಳು ತನಗೂ ಬೇಕೆಂದು ಹಟ ಹಿಡಿದಾಗ ತಂದೆತಾಯಿ ಕೇಳುವ ಮೊದಲ ಪ್ರಶ್ನೆ, ಎಷ್ಟು ಚದರ ಮೀಟರಿನ ಪಟ ಕೊಡಿಸಬೇಕು ಎಂಬುದು. 60 ಕಿಲೋ ತೂಗುವವರಿಗೆ 9 ಚದರ ಮೀಟರ್ ಆದರೆ 30 ಕಿಲೋ ತೂಗುವ ಮಗುವಿಗೆ ಅದರ ಅರ್ಧ ಎಂಬ ಲೆಕ್ಕ ಥಟ್ಟನೆ ಹೊಳೆಯುತ್ತದೆ. ನೀರಿಗಿಳಿದ ಮೇಲೆ ಈ ಲೆಕ್ಕ ಸ್ವಲ್ಪಮಟ್ಟಿಗೆ ಉಪಯೋಗಕ್ಕೂ ಬರುತ್ತದೆ. ಆದರೆ ಮೊದಲ ಪಟವನ್ನು ಆರಿಸಲು ಅದು ಸರಿಯಾದ ಅಳತೆಗೋಲಲ್ಲ. ಪಟ ಎಷ್ಟು ಎಳೆಯುತ್ತದೆ ಎಂಬುದಕ್ಕಿಂತ, ಮಗು ಕೈಬಿಟ್ಟ ಮೇಲೆ ಎಷ್ಟು ಬೇಗ ಎಳೆಯುವುದನ್ನು ನಿಲ್ಲಿಸುತ್ತದೆ ಎಂಬುದನ್ನು ನೋಡಬೇಕು.

ಏಕೆಂದರೆ ಪಟದ ಎಳೆತ ಒಂದು ಸ್ಥಿರ ಸಂಖ್ಯೆಯೇ ಅಲ್ಲ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು ಒಂದೂವರೆ ಕಿಲೋ ಭಾರದಷ್ಟು ಒತ್ತುತ್ತದೆ. ವೇಗ 7 ಮೀಟರಿಗೆ ಏರಿದರೆ ಒತ್ತಡ ಎರಡು ಪಟ್ಟು, 10 ಮೀಟರಿಗೆ ಏರಿದರೆ ನಾಲ್ಕು ಪಟ್ಟು. ಇದಕ್ಕಿಂತ ಮುಖ್ಯವಾದದ್ದು ಪಟದ ಸ್ವಂತ ಓಟ. ತಲೆಯ ಮೇಲೆ ಸುಮ್ಮನೆ ನಿಂತ ಪಟಕ್ಕೆ ಬೀಸುವ ಗಾಳಿ ಮಾತ್ರ ತಾಗುತ್ತದೆ. ಅದೇ ಪಟ ಗಾಳಿಗೆ ಅಡ್ಡಲಾಗಿ ನುಗ್ಗಿದರೆ ಅದರ ಓಟವೇ ಹೊಸ ಗಾಳಿಯನ್ನು ಹುಟ್ಟಿಸುತ್ತದೆ. 1980ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಮೈಲ್ಸ್ ಲಾಯ್ಡ್, ಅಡ್ಡ ಹಾರುವ ಪಟ ನಿಂತ ಪಟಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಸೆಳೆಯಬಲ್ಲದೆಂದು ಲೆಕ್ಕ ಹಾಕಿ ತೋರಿಸಿದರು. ಪಟಕ್ಕೆ ತಾಗುವ ಗಾಳಿ ಮೂರು ಪಟ್ಟು ವೇಗದ್ದಾದರೆ ಎಳೆತ ಒಂಬತ್ತು ಪಟ್ಟು. ನಿಂತಾಗ 3 ಕಿಲೋದಷ್ಟು ಎಳೆಯುವ 2 ಚದರ ಮೀಟರಿನ ಪಟ, ಅದೇ ಗಾಳಿಯಲ್ಲಿ, ಒಂದು ಕ್ಷಣಕ್ಕೆ 27 ಕಿಲೋದಷ್ಟು ಎಳೆಯಬಲ್ಲದು. ಹತ್ತು ವರ್ಷದ ಮಗುವಿನ ತೂಕವೇ ಹೆಚ್ಚುಕಡಿಮೆ ಅಷ್ಟು. ಮಗುವನ್ನು ಪಟ ಎತ್ತಬಲ್ಲದೆಂಬುದು ಬರಿಯ ಊಹೆಯಲ್ಲ. 1820ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಮಾಸ್ತರ ಜಾರ್ಜ್ ಪೋಕಾಕ್ ತಮ್ಮ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ ಪಟದಿಂದಲೇ ಆಕಾಶಕ್ಕೇರಿಸಿದ್ದರು. ಕ್ಷೇಮವಾಗಿ ಕೆಳಗಿಳಿದ ಆ ಹುಡುಗಿ ಮುಂದೆ ಕ್ರಿಕೆಟಿಗ ಡಬ್ಲ್ಯು. ಜಿ. ಗ್ರೇಸ್ ಅವರ ತಾಯಿಯಾದಳು.

ಹಾಗಾದರೆ ಇನ್ನೂ ಚಿಕ್ಕ ಪಟ ತಂದರೆ ಸಾಕಲ್ಲವೇ? ಸಾಲದು. ಪಟ ಚಿಕ್ಕದಾದಷ್ಟೂ ಚುರುಕಾಗಿ ತಿರುಗುತ್ತದೆ, ಕಲಿಯುವವರ ಕೈ ತಡವರಿಸುವಷ್ಟರಲ್ಲಿ ಅಡ್ಡ ಓಟ ಶುರುವಾಗಿರುತ್ತದೆ. ಆ ಓಟವನ್ನು ಕಡಿಮೆ ಮಾಡುವುದು ದಾರದ ಉದ್ದ. ಕೈಟ್‌ಸರ್ಫಿಂಗ್‌ನ ದಾರಗಳು ಸಾಮಾನ್ಯವಾಗಿ 20 ಮೀಟರಿಗೂ ಹೆಚ್ಚು ಉದ್ದವಿರುತ್ತವೆ. ಅದನ್ನು ಅರ್ಧಕ್ಕಿಳಿಸಿದರೆ ಪಟ ಓಡಬಹುದಾದ ಕಮಾನೂ ಅರ್ಧವಾಗುತ್ತದೆ. ಪೂರ್ಣ ವೇಗ ಪಡೆಯುವ ಮೊದಲೇ ಅದು ತಾನು ಹಾರಬಲ್ಲ ವಲಯದ ಅಂಚನ್ನು ಮುಟ್ಟಿ ಸೊರಗುತ್ತದೆ. ಆದ್ದರಿಂದ ಪಟದ ಅಳತೆಯಷ್ಟೇ ಗಮನವನ್ನು ದಾರದ ಅಳತೆಗೂ ಕೊಡಬೇಕು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಫ್ರಾನ್ಸಿನ ಬ್ರೂನೋ ಮತ್ತು ದೊಮಿನಿಕ್ ಲೆಗೆನ್ಯು ಸಹೋದರರು 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಗಾಳಿ ತುಂಬುವ ಪಟ ನೀರಿಗೆ ಬಿದ್ದರೂ ತೇಲುತ್ತದೆ, ಮತ್ತೆ ಏಳುತ್ತದೆ. 2005ರ ಸುಮಾರಿಗೆ ಬಂದ ಬೋ ಕೈಟ್‌ಗಳಲ್ಲಂತೂ ಕೈಯಲ್ಲಿ ಹಿಡಿಯುವ ಅಡ್ಡಪಟ್ಟಿಯಾದ ಬಾರ್ ಅನ್ನು ದೂರ ತಳ್ಳಿದರೆ ಎಳೆತ ಬಹುಪಾಲು ಇಳಿದುಹೋಗುತ್ತದೆ, ಅಪಾಯವಾದರೆ ಎಳೆತವನ್ನು ಒಮ್ಮೆಗೇ ಬಿಡಿಸುವ ಕ್ವಿಕ್ ರಿಲೀಸ್ ಇದ್ದೇ ಇದೆ. ಇಷ್ಟು ಸುರಕ್ಷಿತವಾದದ್ದನ್ನೇ ಚಿಕ್ಕ ಅಳತೆಯಲ್ಲಿ ಕೊಡಬಾರದೇಕೆ? ಈ ಪಟಗಳು ಕ್ರೀಡೆಯ ಎಷ್ಟೋ ಅಪಾಯವನ್ನು ತಗ್ಗಿಸಿವೆ ಎಂಬುದು ನಿಜ. ಆದರೆ ಅವುಗಳ ವ್ಯವಸ್ಥೆಯೆಲ್ಲ ಸೊಂಟಕ್ಕೆ ಕಟ್ಟಿದ ಹಾರ್ನೆಸ್ ಮೂಲಕ ನಡೆಯುತ್ತದೆ. ಪಟ ಎಳೆಯುವುದು ಕೈಯನ್ನಲ್ಲ, ಮೈಯನ್ನು. ದೊಡ್ಡವರ ತೋಳಿಗೆ ಹೊಂದಿಸಿದ ಬಾರ್ ದೂರ ಸರಿದರೆ ಮಗುವಿನ ಕೈಗೆ ಎಟುಕುವುದಿಲ್ಲ. ಕ್ವಿಕ್ ರಿಲೀಸ್ ಕೂಡ ಕೆಲಸ ಮಾಡಬೇಕಾದರೆ, ಗಾಬರಿಯ ನಡುವೆ ಅದನ್ನು ನೆನೆದು, ಹುಡುಕಿ, ಬಲವಾಗಿ ತಳ್ಳಬೇಕು. ಬೆರಳು ಬಿಚ್ಚುವುದಕ್ಕೆ ಇದ್ಯಾವುದೂ ಬೇಡ.

ಎರಡನೆಯ ಆಕ್ಷೇಪ ದುಡ್ಡಿನದು. ಬೆಳೆಯುವ ಮಗುವಿಗೆ ಒಂದಳತೆ ದೊಡ್ಡ ಚಪ್ಪಲಿ ಕೊಂಡಂತೆ ಪಟವನ್ನೂ ದೊಡ್ಡದೇ ತಂದರೆ ಉಳಿತಾಯ ಎಂಬ ವಾದ. ಆದರೆ ಕಲಿಕೆಗೆಂದೇ ಮಾಡಿದ ಟ್ರೇನರ್ ಕೈಟ್‌ನ ಬೆಲೆ ನೀರಿನ ಪಟಕ್ಕೆ ಹೋಲಿಸಿದರೆ ತೀರಾ ಕಡಿಮೆ, ಅದರಿಂದ ಬರುವ ಕೈಚಳಕ ಪಟ ಬದಲಾದರೂ ಉಳಿಯುತ್ತದೆ. ಮೂರನೆಯದು ಬೋಧಕರ ಆಕ್ಷೇಪ, ಹೆಚ್ಚು ತೂಕದ್ದು: ಎರಡು ದಾರದ ಟ್ರೇನರ್ ಹಿಡಿದು ಕಲಿತವರು ಎಳೆತ ಹೆಚ್ಚಾದಾಗ ಬಾರ್‌ಗೆ ಜೋತುಬೀಳುವ ಅಭ್ಯಾಸ ಮಾಡಿಕೊಳ್ಳುತ್ತಾರೆ, ನೀರಿನ ಪಟದಲ್ಲಿ ಆ ಅಭ್ಯಾಸವೇ ಎಳೆತವನ್ನು ಹೆಚ್ಚಿಸುತ್ತದೆ. ಈ ಮಾತು ಸರಿ. ಮೂರು ದಾರದ ಟ್ರೇನರ್ ಬೇಕೆನ್ನುವುದು ಅದಕ್ಕಾಗಿಯೇ. ಬಾರ್ ಕೈಬಿಟ್ಟೊಡನೆ ಎರಡು ದಾರಗಳು ಸಡಿಲಾಗಿ, ಮಣಿಕಟ್ಟಿನ ಪಟ್ಟಿಗೆ ಸೇರಿದ ಮೂರನೆಯ ದಾರವೊಂದೇ ಬಿಗಿಯಾಗುತ್ತದೆ. ಪಟ ಆಕಾರ ಕಳೆದುಕೊಂಡು ನೆಲಕ್ಕಿಳಿಯುತ್ತದೆ, ಹಾರಿಯೂ ಹೋಗುವುದಿಲ್ಲ. ಅನುಮಾನ ಬಂದರೆ ಬಿಡು ಎಂಬ ಪಾಠವನ್ನು ಇದರಲ್ಲಿ ಮೊದಲ ದಿನದಿಂದಲೇ ಕಲಿಸಬಹುದು. ಜೋತುಬೀಳುವ ಚಟಕ್ಕೆ ಮದ್ದೂ ಅದೇ.

ಹೀಗಾಗಿ ಸುಮಾರು ಹತ್ತು ವರ್ಷದ ಮಗುವಿಗೆ ನನ್ನ ಆಯ್ಕೆ ಸ್ಪಷ್ಟ. ಒಂದೂವರೆಯಿಂದ ಎರಡು ಚದರ ಮೀಟರಿನೊಳಗಿನ, ಗಟ್ಟಿ ಕಡ್ಡಿಗಳಿಲ್ಲದ, ಬರಿಯ ಬಟ್ಟೆಯ, ಮೂರು ದಾರದ ಟ್ರೇನರ್. ದಾರ ಹತ್ತು ಮೀಟರಿನ ಆಸುಪಾಸು. ಹಾರ್ನೆಸ್ ಬೇಡವೇ ಬೇಡ. ಹಾರಿಸುವುದು ಮರ, ವಿದ್ಯುತ್ ತಂತಿಗಳಿಲ್ಲದ ಬಯಲಿನಲ್ಲಿ, ಸೆಕೆಂಡಿಗೆ 5 ಮೀಟರ್ ಮೀರದ ಒಂದೇ ಸಮನಾದ ಗಾಳಿಯಲ್ಲಿ, ದೊಡ್ಡವರು ಪಕ್ಕದಲ್ಲಿದ್ದಾಗ. ತೂಕ ನೋಡಿ ಆರಿಸಿದ ನಾಲ್ಕು ದಾರದ ಪಟ, ಮಗುವಿನ ತೋಳಿಗೆ ಹೊಂದಿಸಿದ ಬಾರ್, ಹಾರ್ನೆಸ್, ನೀರು ಇವೆಲ್ಲ ಬೋಧಕರ ಸಮ್ಮುಖದ ಎರಡನೆಯ ಹಂತ. ಆ ಹಂತಕ್ಕೆ ಮಗು ಸಿದ್ಧವೇ ಎಂದು ತಿಳಿಯಲು ಅದು ಎಷ್ಟು ಚೆನ್ನಾಗಿ ಹಾರಿಸುತ್ತದೆ ಎಂದಷ್ಟೇ ನೋಡಬೇಡಿ. ಪಟ ಜೋರಾಗಿ ಎಳೆಯುತ್ತಿರುವಾಗ ‘ಬಿಡು’ ಎಂದು ಕೂಗಿ. ಕೂಗಿದೊಡನೆ ಪ್ರತಿಸಲವೂ ಬೆರಳು ಬಿಚ್ಚುವ ಮಗು ಮಾತ್ರ ನೀರಿಗಿಳಿಯಲಿ.