ಚೀಸ್ ಯಾಕೆ ಇಳಿಯಿತು, ಮುತ್ಯಾ?

ಈ ಬೇಸಿಗೆಯಲ್ಲಿ ನಾನು ಒಂದು ದೇಶ ಆಳಿದೆ. ನಗಬೇಡಿ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು, ಎಪ್ಪತ್ತು ದಾಟಿದ ಮೇಲೆ ಅಬ್ಬೆತುಮಕೂರಿನ ನಮ್ಮ ಪಡಸಾಲೆಯಲ್ಲಿ ಕೂತು ಐವತ್ತು ಲಕ್ಷ ಜನರ ಭವಿಷ್ಯ ನಿರ್ಧರಿಸಿದೆ. ನಮ್ಮ ಯಾದಗಿರಿ ಜಿಲ್ಲೆಯ ನಾಲ್ಕು ಪಟ್ಟಿಗಿಂತ ಹೆಚ್ಚು ಜನ!

ಕಾರಣ ಮೊಮ್ಮಗಳು. ಬೆಂಗಳೂರಿನಲ್ಲಿ ಒಂಬತ್ತನೇ ತರಗತಿ ಮುಗಿಸಿ ರಜೆಗೆ ಬಂದಿದ್ದಳು. ಮಾತೆಲ್ಲ ಬೆಂಗಳೂರಿನದೇ, ಆದರೆ ನನ್ನನ್ನು ಕರೆಯುವುದು ಮಾತ್ರ ‘ಮುತ್ಯಾ’ ಎಂದೇ. ಬಿಸಿಲು ಏರಿದ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲವಲ್ಲ, ಅವಳು ಲ್ಯಾಪ್‌ಟಾಪ್ ತೆರೆದು ‘ನೇಷನ್‌ಸ್ಟೇಟ್ಸ್’ ಎಂಬ ಆಟ ತೋರಿಸಿದಳು. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತಮ್ಮ ಕಾದಂಬರಿಯ ಪ್ರಚಾರಕ್ಕೆಂದು 2002ರಲ್ಲಿ ಮಾಡಿದ್ದಂತೆ. ಪ್ರಚಾರದ ಕೆಲಸ ಮುಗಿದು ಇಪ್ಪತ್ತು ವರ್ಷವಾದರೂ ಆಟ ನಿಂತಿಲ್ಲ. ಹಣ ಕೊಡಬೇಕಿಲ್ಲ, ಗುಂಡು ಹಾರಿಸಬೇಕಿಲ್ಲ, ಓದಿ ಯೋಚಿಸಿದರೆ ಸಾಕು.

ದೇಶಕ್ಕೆ ಹೆಸರು, ಬಾವುಟ, ನಾಣ್ಯ, ಒಂದು ರಾಷ್ಟ್ರಪ್ರಾಣಿ ಆರಿಸಬೇಕು. ನಾವು ‘ಭೀಮಾನಾಡು’ ಎಂದೆವು. ನಾಣ್ಯ ‘ರೊಕ್ಕ’. ರಾಷ್ಟ್ರಪ್ರಾಣಿ ಎಮ್ಮೆ. ಹುಲಿ ಇರಲಿ ಎಂದು ಅವಳು ಹಟ ಮಾಡಿದಳು, ಹುಲಿ ಹಾಲು ಕೊಡುವುದಿಲ್ಲ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು.

ಆಮೇಲೆ ದಿನವೂ ಸಮಸ್ಯೆಗಳು ಬರುತ್ತವೆ. ಮತದಾನ ಕಡ್ಡಾಯ ಮಾಡಬೇಕೋ ಬೇಡವೋ, ಇಂಥವು. ಪ್ರತಿ ಸಮಸ್ಯೆಗೂ ಇಬ್ಬರೋ ಮೂವರೋ ಬಂದು ವಾದ ಮಾಡುತ್ತಾರೆ. ಪ್ರತಿಯೊಬ್ಬನೂ ಅರ್ಧ ನಿಜ, ಅರ್ಧ ಅತಿರೇಕ, ನಮ್ಮ ಕಟ್ಟೆಯ ಮೇಲಿನ ಹರಟೆಯಂತೆಯೇ. ಒಬ್ಬರ ಮಾತು ಒಪ್ಪಬಹುದು, ಇಲ್ಲವೇ ‘ಬಿಟ್ಟುಬಿಡು’ ಎಂಬ ಗುಂಡಿ ಒತ್ತಬಹುದು. ಒಪ್ಪಿದ ಮೇಲೆ ದೇಶದ ಅಂಕಿಗಳು ಬದಲಾಗುತ್ತವೆ. ಮುಖ್ಯವಾದವು ಮೂರು: ನಾಗರಿಕ ಹಕ್ಕು, ಆರ್ಥಿಕತೆ, ರಾಜಕೀಯ ಸ್ವಾತಂತ್ರ್ಯ. ಅವುಗಳ ಹಿಂದೆ ತೆರಿಗೆ, ಆಯುಸ್ಸು, ಅಪರಾಧ, ಹವಾಮಾನ, ಕೊನೆಗೆ ಚೀಸ್ ರಫ್ತಿನವರೆಗೆ ಹತ್ತಾರು ಲೆಕ್ಕಗಳಿವೆ. ಯಾವ ಉತ್ತರಕ್ಕೆ ಯಾವ ಅಂಕಿ ಅಲುಗುತ್ತದೆ ಎಂದು ಮೊದಲೇ ಹೇಳುವುದಿಲ್ಲ.

ಮೊದಲ ವಾರವೇ ಗೊಂದಲ. ಶಾಲೆಗಳಿಗೆ ಹೆಚ್ಚು ಹಣ ಎಂಬ ಆಯ್ಕೆಯನ್ನು ಅವಳು ಖುಷಿಯಿಂದ ಒತ್ತಿದಳು. ವಿದ್ಯೆ ಏರಿತು, ಸರಿ. ಆದರೆ ಜನರ ಸರಾಸರಿ ವರಮಾನ ಇಳಿಯಿತು. ಚೀಸ್ ರಫ್ತೂ ಇಳಿಯಿತು.

“ಮುತ್ಯಾ, ನಾನು ಸ್ಕೂಲಿಗೆ ದುಡ್ಡು ಕೊಟ್ಟೆ ಅಷ್ಟೇ. ಚೀಸ್ ಯಾಕೆ ಇಳೀತು?”

“ಕೊಟ್ಟ ರೊಕ್ಕ ಎಲ್ಲಿಂದ ಬಂತು, ಅದನ್ನ ಹುಡುಕವ್ವಾ” ಎಂದೆ.

ಹುಡುಕಿದಳು. ತೆರಿಗೆ ಏರಿತ್ತು. ತೆರಿಗೆ ಏರಿದರೆ ಜನರ ಕೈಯಲ್ಲಿ ಉಳಿಯುವುದು ಕಡಿಮೆ, ಖಾಸಗಿ ಉದ್ಯಮಗಳು ಒಂದಿಷ್ಟು ಕುಗ್ಗಿದವು, ಪಾಪ, ಚೀಸ್ ಮಾಡುವವನೂ ಅದರಲ್ಲಿ ಒಬ್ಬ. ಬ್ಯಾಂಕಿನಲ್ಲಿ ನಮಗೆ ಮೊದಲು ಕಲಿಸುವುದೇ ಇದು. ಖರ್ಚು ಕಡೆ ಒಂದು ಸಾಲು ಬರೆದರೆ ಜಮಾ ಕಡೆ ಇನ್ನೊಂದು ಸಾಲು ಇರಲೇಬೇಕು. ಡೇ ಬುಕ್ಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಹತ್ತರವರೆಗೆ ವೋಚರು ತಿರುವಿ ಹಾಕಿದ್ದುಂಟು. ಆಟ ನಮಗೆ ಒಂದು ಸಾಲು ದೊಡ್ಡದಾಗಿ ತೋರಿಸುತ್ತದೆ, ಇನ್ನೊಂದನ್ನು ನಾವೇ ಹುಡುಕಬೇಕು.

ಇನ್ನೊಂದು ದಿನ, ಏನೂ ಮಾಡದಿದ್ದರೂ ನಮ್ಮ ದೇಶದ ಸ್ಥಾನ ಕುಸಿಯಿತು. ಅಂಕಿ ಅಷ್ಟೇ ಇದೆ, ರ್‍ಯಾಂಕ್ ಕೆಳಗೆ. ಅವಳಿಗೆ ಅಳುವೇ ಬಂತು. ಬೇರೆಯವರು ಮೇಲೆ ಹೋದರೆ ನಾವು ನಿಂತಲ್ಲೇ ಕೆಳಗೆ ಬಂದಂತೆ ಅಲ್ಲವೇ? ಇದನ್ನು ಹೇಳಿ ತಿಳಿಸುವುದಕ್ಕಿಂತ ನಮ್ಮ ಜಿಲ್ಲೆಯ ಲೆಕ್ಕವನ್ನೇ ತೋರಿಸೋಣ ಎನಿಸಿ ಒಂದು ಹಾಳೆ ತೆಗೆದುಕೊಂಡೆ.

ಮೊದಲು ನಾವೆಲ್ಲ ಗುಲ್ಬರ್ಗ ಜಿಲ್ಲೆಯವರು. 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ಮೂರು ತಾಲ್ಲೂಕು ಸೇರಿ ಯಾದಗಿರಿ ಜಿಲ್ಲೆಯಾಯಿತು, ರಾಜ್ಯದ ಮೂವತ್ತನೆಯದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 11.74 ಲಕ್ಷ, ಸಾಕ್ಷರತೆ ಶೇ 52ರ ಆಸುಪಾಸು, ಇಡೀ ಕರ್ನಾಟಕದಲ್ಲಿ ಕೊನೆ. ಉಳಿದ ಗುಲ್ಬರ್ಗದ್ದು ಶೇ 65ರ ಹತ್ತಿರ. ಇಬ್ಬರನ್ನೂ ಮತ್ತೆ ಕೂಡಿಸಿ ಲೆಕ್ಕ ಹಾಕು ಎಂದೆ. ಸುಮಾರು 61 ಬಂತು.

“ಅಂದ್ರೆ ನಮ್ಮನ್ನ ಬಿಟ್ಟಿದ್ದಕ್ಕೇ ಅವರದು ನಾಲ್ಕು ಜಾಸ್ತಿ ಆಯ್ತಾ?”

ಹೌದು. ಅಲ್ಲಿ ಯಾರೂ ಒಂದು ಹೊಸ ಅಕ್ಷರ ಕಲಿಯದೆ ಅಂಕಿ ಏರಿತು. ಇಲ್ಲಿ ಯಾರೂ ಕಲಿತದ್ದನ್ನು ಮರೆಯದೆ ಇಳಿಯಿತು. ನನ್ನ ಊರು ಅದೇ, ಶಾಲೆ ಅದೇ, ಗೆರೆ ಮಾತ್ರ ಹೊಸದು. ಹಾಗಂತ ಆ ಗೆರೆ ಸುಳ್ಳಲ್ಲ. ಕೂಡಿದ್ದಾಗ ನಮ್ಮ 52 ಆ 61ರ ಹೊಟ್ಟೆಯಲ್ಲಿ ಅಡಗಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಆರಿಸಿದಾಗ ಕರ್ನಾಟಕದಿಂದ ಹೋದದ್ದು ರಾಯಚೂರು ಮತ್ತು ಯಾದಗಿರಿ. ಆ ಜಿಲ್ಲೆಗಳಿಗೂ ಒಂದು ರ್‍ಯಾಂಕ್ ಪಟ್ಟಿ ಇದೆ. ಅಲ್ಲಿ ಎಷ್ಟು ಅಂಕವಿದೆ ಎಂಬುದಕ್ಕಿಂತ ಎಷ್ಟು ಸುಧಾರಿಸಿದಿರಿ ಎಂಬುದಕ್ಕೆ ಸ್ಥಾನ. ಕೊನೆಯಲ್ಲಿದ್ದವನಿಗೆ ಏರಲು ಜಾಗ ಜಾಸ್ತಿ. ಒಂದು ಎಮ್ಮೆ ಇದ್ದವನು ಇನ್ನೊಂದು ಕೊಂಡರೆ ಶೇಕಡಾ ನೂರು ಏರಿಕೆ, ಐವತ್ತು ಇದ್ದವನು ಒಂದು ಕೊಂಡರೆ ಬರೀ ಎರಡು. ನಮ್ಮ ಚೀಸ್ ಅಷ್ಟೊಂದು ಇಳಿದದ್ದೂ ಹೀಗೇ ಇರಬೇಕು, ಅದು ಇದ್ದದ್ದೇ ಚೂರು.

ಇಷ್ಟಾದ ಮೇಲೆ ಒಂದು ದಿನ ಬಂತು ನೋಡಿ, ಯುರೇನಿಯಂ.

ಭೀಮಾನಾಡಿನಲ್ಲಿ ಯುರೇನಿಯಂ ಅದಿರು ಸಿಕ್ಕಿದೆ, ಗಣಿ ಮಾಡಬೇಕೋ ಬೇಡವೋ ಎಂಬ ಸಮಸ್ಯೆ. ಮೊಮ್ಮಗಳು ಗಣಿಯವನ ಮಾತಿಗೆ ಗುಂಡಿ ಒತ್ತಲು ಹೋದಳು. ನಾನು ಕೈ ಹಿಡಿದೆ. ಯಾಕೆಂದರೆ ಇದು ನಮಗೆ ಆಟವಲ್ಲ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇರುವುದನ್ನು ಅಣು ಖನಿಜ ನಿರ್ದೇಶನಾಲಯದವರು ನಿಜವಾಗಿಯೇ ಪತ್ತೆ ಮಾಡಿದ್ದಾರೆ. ಗಣಿಯ ಮಾತು ಬಂದಾಗ ಸುತ್ತಲಿನ ಊರವರು ನೀರಿಗೆ, ಹೊಲಕ್ಕೆ ಏನಾದೀತೋ ಎಂದು ಹೆದರಿ ವಿರೋಧ ಮಾಡಿದ್ದರು.

ಮನೆಯಲ್ಲಿ ಎರಡು ದಿನ ಅಧಿವೇಶನ ನಡೆಯಿತು. ಮಗ ಫೋನಿನಲ್ಲಿ, “ತೆಗೀಲಿ ಅಪ್ಪಾ, ಕೈಗಾ ನಡೀಬೇಕಲ್ಲ, ಕರೆಂಟ್ ಎಲ್ಲರಿಗೂ ಬೇಕು” ಎಂದ. ಅವನು ಹೇಳುವುದರಲ್ಲೂ ಸುಳ್ಳಿಲ್ಲ. ಹೆಂಡತಿ ಒಲೆಯ ಮುಂದಿನಿಂದಲೇ, “ಆ ನೀರು ಯಾರು ಕುಡೀಬೇಕ್ರಿ? ಅವನೇನು ಬೆಂಗಳೂರಾಗ ಇರ್ತಾನ” ಎಂದಳು. ಮೊಮ್ಮಗಳು ತಿಳಿಯದೆ ನನ್ನ ಮುಖ ನೋಡಿದಳು. ನಾನು, “ಬಿಟ್ಟುಬಿಡು ಗುಂಡಿ ಒತ್ತವ್ವಾ” ಎಂದೆ.

“ನೀನು ಯಾವಾಗಲೂ ಬಿಟ್ಟುಬಿಡು ಅಂತೀಯ ಮುತ್ಯಾ!”

ಅವಳಿಗೆ ಗೊತ್ತಿಲ್ಲದೆ ಆಡಿದ ಮಾತು. ನನಗೆ ಎಲ್ಲೋ ತಾಗಿತು. ಯಾರಿಗೂ ಹೆಚ್ಚು ಹೇಳದಿದ್ದ ಒಂದು ಸಂಗತಿಯನ್ನು ಅವತ್ತು ಹೇಳಿದೆ. 1987ರಲ್ಲಿ ನಾನು ಅಧಿಕಾರಿ ಹುದ್ದೆಯ ಪರೀಕ್ಷೆ ಪಾಸಾಗಿದ್ದೆ. ಬಡ್ತಿ ಒಪ್ಪಿದರೆ ಬೇರೆ ರಾಜ್ಯಕ್ಕೆ ವರ್ಗ. ಅವ್ವ ಹಾಸಿಗೆ ಹಿಡಿದಿದ್ದಳು, ಮಗ ಸಣ್ಣವನು, ಅವನು ಊರಲ್ಲೇ ನಮ್ಮ ಕಣ್ಣ ಮುಂದೆ ಬೆಳೆಯಲಿ ಎಂದು ಒಲ್ಲೆ ಎಂದು ಬರೆದುಕೊಟ್ಟೆ. ಜೊತೆಯಲ್ಲಿ ಸೇರಿದವರು ಮ್ಯಾನೇಜರಾದರು, ನಾನು ಗುಮಾಸ್ತನಾಗಿಯೇ ನಿವೃತ್ತನಾದೆ. ಮಗ ಮಾತ್ರ ಹತ್ತನೇ ತರಗತಿ ಮುಗಿಯುತ್ತಲೇ ಕಾಲೇಜಿಗೆಂದು ಊರು ಬಿಟ್ಟ, ಆಮೇಲೆ ಬೆಂಗಳೂರು. ಅವನಿಗಾಗಿ ಉಳಿದೆ, ಅವನೇ ಉಳಿಯಲಿಲ್ಲ.

“ಹಾಗಾದ್ರೆ ತಪ್ಪು ಆಯ್ಕೆನಾ?” ಎಂದಳು.

ಅವ್ವ ಇನ್ನೂ ಆರು ವರ್ಷ ಬದುಕಿದಳು. ಕೊನೆಯ ದಿನ ನನ್ನ ಕೈಯಿಂದಲೇ ನೀರು ಕುಡಿದಳು. ಅದನ್ನು ಯಾವ ಕಡೆಯ ಸಾಲಿಗೆ ಬರೆಯಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಹಾಗೆಯೇ ಅವಳಿಗೆ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನೀನು ಬಿಟ್ಟುಬಿಡು ಅನ್ನಲಿಲ್ಲವಲ್ಲ ಮುತ್ಯಾ, ಬೇಡ ಅಂತ ಬರೆದುಕೊಟ್ಟೆ. ಎರಡೂ ಬೇರೆ” ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು. ಆಟದಲ್ಲೂ ಹಾಗೆಯೇ, ಬಿಟ್ಟುಬಿಟ್ಟರೆ ಅಂಕಿ ಅಲುಗುವುದಿಲ್ಲ, ಬೇಡ ಎಂದರೆ ಅಲುಗುತ್ತವೆ. ಗಣಿ ಬೇಡ ಎಂಬವರ ಮಾತು ಒಪ್ಪಿ ಒತ್ತಿದಳು. ಗಣಿ ಉದ್ಯಮ ಇಳಿಯಿತು, ಆರ್ಥಿಕತೆ ಒಂದು ಕೂದಲೆಳೆ ಇಳಿಯಿತು, ಪರಿಸರ ಏರಿತು. ಇವೆಲ್ಲ ಅಂದುಕೊಂಡದ್ದೇ. ಹವಾಮಾನವೂ ಏರಿತು! ಆ ಹೊತ್ತಿಗೆ ಸರಿಯಾಗಿ ಇಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಿತು. “ನಿಮ್ಮ ದೇಶದಾಗ ತಂಪಾಗೇದ, ಇಲ್ಲೇನು?” ಎಂದು ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಂಡಳು.

ಮೇ ಕೊನೆಗೆ ಮೊಮ್ಮಗಳು ಬೆಂಗಳೂರಿಗೆ ಹೋದಳು. ಈ ವರ್ಷ ಹತ್ತನೇ ತರಗತಿ, ಆಟಕ್ಕೆ ಪುರುಸೊತ್ತಿಲ್ಲ. ಆದರೆ ಇಪ್ಪತ್ತೆಂಟು ದಿನ ಯಾರೂ ಒಳಗೆ ಹೋಗದಿದ್ದರೆ ದೇಶವೇ ಅಳಿಸಿಹೋಗುತ್ತದಂತೆ. ಹೋಗುವ ಮುಂಚೆ ಪಾಸ್‌ವರ್ಡನ್ನು ನನ್ನ ಹಳೆಯ ಡೈರಿಯಲ್ಲಿ ಬರೆದು, “ಮುತ್ಯಾ, ಎಮ್ಮೆಗಳನ್ನ ನೋಡ್ಕೋ” ಎಂದಳು. ಪಕ್ಕದ ಮನೆ ಹುಡುಗ ಇಂಗ್ಲಿಷ್ ಓದಲು ನೆರವಾಗುತ್ತಾನೆ. ಅಂಕಿಗಳನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ಎಡಕ್ಕೆ ಏರಿದ್ದು, ಬಲಕ್ಕೆ ಇಳಿದದ್ದು.

ನಿನ್ನೆ ಹೊಸ ಸಮಸ್ಯೆಯೊಂದು ಬಂದಿದೆ. ಮೂವರು ವಾದ ಮಾಡುತ್ತಿದ್ದಾರೆ, ಮೂವರದೂ ಸರಿ ಎನಿಸುತ್ತದೆ. ಭಾನುವಾರ ಅವಳ ಫೋನ್ ಬರುವವರೆಗೆ ಅದನ್ನು ಮುಟ್ಟಿಲ್ಲ.