ನೋವೆಂದು ಹೇಳದ ಮಗುವಿನ ನೋವು

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಆಟಿಸಂ, ಅಂದರೆ ಸ್ವಲೀನತೆ ಇರುವ ಮಗುವೊಂದಿದೆ ಎಂದಿಟ್ಟುಕೊಳ್ಳಿ. ಆಡುತ್ತಾ ಬಿದ್ದು ಅದರ ಮೊಣಕೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾಯಿತು. ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಕೂಡಿದೆ ಎಂದಿದ್ದಾರೆ. ಆದರೂ ಮಗು ರಾತ್ರಿ ಎದ್ದು ಕೂರುತ್ತದೆ, ಅಂಗಿ ತೊಡಿಸಲು ಹೋದರೆ ಕಚ್ಚುತ್ತದೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತದೆ. ಅತ್ತೆಯವರು ‘ಹಠ ಜಾಸ್ತಿಯಾಗಿದೆ’ ಎನ್ನುತ್ತಾರೆ. ಪಕ್ಕದ ಮನೆಯಾಕೆ ‘ನಜರ್ ತಾಗಿದೆ’ ಎನ್ನುತ್ತಾರೆ. ಆಟಿಸಂ ಇದ್ದರೆ ಹೀಗೆಯೇ ಎಂದು ವೈದ್ಯರೂ ಹೇಳಿಬಿಡಬಹುದು. ಕೈ ಇನ್ನೂ ನೋಯುತ್ತಿರಬಹುದೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಇಂಥ ಮಕ್ಕಳಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಎಂಬ ನಂಬಿಕೆ ಬಹಳ ಕಾಲದಿಂದ ಇದೆ. ಅದು ತಪ್ಪು. 2004ರಲ್ಲಿ ಕೆನಡಾದ ಸಂಶೋಧಕರು ರಕ್ತ ತೆಗೆಯುವ ಹೊತ್ತಿನಲ್ಲಿ ಆಟಿಸಂ ಇರುವ ಮಕ್ಕಳ ಮುಖಭಾವವನ್ನು ಗಮನಿಸಿದರು. ಸೂಜಿ ಚುಚ್ಚಿದಾಗ ಆ ಮಕ್ಕಳ ಮುಖದಲ್ಲಿ ನೋವು ಸ್ಪಷ್ಟವಾಗಿ ಕಂಡಿತು. ಆದರೆ ಹೆತ್ತವರು ಹೇಳಿದ್ದಕ್ಕೂ ಮಕ್ಕಳ ಮುಖದಲ್ಲಿ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಹೆತ್ತವರೇ ಗುರುತಿಸಲಾರದೆ ಹೋದ ಮೇಲೆ ಹೊರಗಿನವರ ಮಾತೇನು?

ಮಗುವಿಗೆ ನೋವಾಗುತ್ತದೆ, ಆದರೆ ಎಲ್ಲಿ, ಎಷ್ಟು ಎಂದು ಹೇಳುವ ದಾರಿ ಗೊತ್ತಿಲ್ಲ. ಕೆಲವು ಮಕ್ಕಳು ನೋವಾದಾಗ ನಗುತ್ತಾರೆ, ಕೆಲವರು ಒಂದೇ ಸಮನೆ ಓಡುತ್ತಾರೆ, ಇನ್ನು ಕೆಲವರು ಮೂಲೆಯಲ್ಲಿ ಸುಮ್ಮನೆ ಕೂತುಬಿಡುತ್ತಾರೆ. ಆದ್ದರಿಂದ ನೀವು ಹುಡುಕಬೇಕಾದ್ದು ಅಳುವನ್ನಲ್ಲ, ಬದಲಾವಣೆಯನ್ನು. ಬಲಗೈಯಿಂದ ಉಣ್ಣುತ್ತಿದ್ದ ಮಗು ಎಡಗೈಗೆ ಹೊರಳಿತೇ? ಅದೇ ಮಗ್ಗುಲಿಗೆ ಮಲಗುವುದನ್ನು ಬಿಟ್ಟಿತೇ? ಸಿಟ್ಟು ಬರುವುದು ಸ್ನಾನ, ಅಂಗಿ, ಶಾಲೆಯ ಚೀಲದ ಹೊತ್ತಿನಲ್ಲಿಯೇ?

ಒಂದು ನೋಟ್‌ಬುಕ್ ಇಡಿ. ಹತ್ತು ದಿನ ಹೊತ್ತು, ಘಟನೆ, ನಿದ್ದೆ ಇಷ್ಟನ್ನು ಬರೆದರೆ ಸಾಕು. ಮಗು ಮುಖ ಕಿವುಚುವುದನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರೀಕರಿಸಿ. ಮಾತು ಬಾರದ ಮಕ್ಕಳ ನೋವನ್ನು ಅಳೆಯಲು ವೈದ್ಯರ ಬಳಿ ‘ಫ್ಲಾಕ್’ ಎಂಬ ಪಟ್ಟಿಯಿದೆ. ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ಬಗೆ ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಅದರ ಪರಿಷ್ಕೃತ ರೂಪದಲ್ಲಿ ‘ನನ್ನ ಮಗ ನೋವಾದಾಗ ಹೀಗೆ ಮಾಡುತ್ತಾನೆ’ ಎಂದು ತಾಯಿ ಹೇಳಿದ್ದನ್ನೂ ಸೇರಿಸುತ್ತಾರೆ. ನಿಮ್ಮ ನೋಟ್‌ಬುಕ್ಕಿಗೆ ಬೆಲೆ ಬರುವುದು ಅಲ್ಲಿಯೇ.

ಮೂಳೆ ಕೂಡಿದ ಮೇಲೂ ನೋವೇಕೆ? ವಾರಗಟ್ಟಲೆ ಅಲುಗಾಡದ ಕೀಲು ಬಿಗಿದುಕೊಂಡಿರುತ್ತದೆ, ಸ್ನಾಯು ಸೋತಿರುತ್ತದೆ. ಅಪರೂಪಕ್ಕೆ ಗಾಯ ಮಾಗಿದರೂ ನರಗಳು ನೋವಿನ ಸುದ್ದಿ ಕಳುಹಿಸುತ್ತಲೇ ಇರುತ್ತವೆ. ಆಗ ಬಟ್ಟೆ ಸೋಕಿದರೂ ಉರಿ, ಚರ್ಮದ ಬಣ್ಣ ಬೇರೆ, ಒಂದು ಕೈ ಬಿಸಿ ಇನ್ನೊಂದು ತಣ್ಣಗೆ. ಇದಕ್ಕೆ ಫಿಸಿಯೋಥೆರಪಿ ಮುಖ್ಯ ಚಿಕಿತ್ಸೆ. ಬೆರಳುಗಳು ಬಿಳಿಚಿದರೆ, ಜೋಮು ಹಿಡಿದರೆ, ಜ್ವರದ ಜೊತೆ ಊತ ಬಂದರೆ ಅಂದೇ ವೈದ್ಯರ ಬಳಿಗೆ ಓಡಿ.

ದಯವಿಟ್ಟು ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ನಮ್ಮ ಕಡೆ ಇದು ಪ್ರೀತಿಯಿಂದಲೇ ನಡೆಯುತ್ತದೆ, ನಿಜ. ಆದರೆ ಪೆಟ್ಟಾದ ಮೊಣಕೈಯನ್ನು ನೀವಿ ಎಳೆದರೆ ಸ್ನಾಯುವಿನಲ್ಲಿ ಮೂಳೆ ಬೆಳೆದು ಕೈ ಇನ್ನಷ್ಟು ಬಿಗಿಯಾಗುವ ಅಪಾಯವಿದೆ. ನೋವಿನ ಮಾತ್ರೆಯ ಪ್ರಮಾಣವೂ ಮಗುವಿನ ತೂಕದ ಮೇಲೆ. ಅದನ್ನು ವೈದ್ಯರೇ ಹೇಳಲಿ.

ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಬಸ್ಸು ತಪ್ಪಿದರೆ ದಿನವೇ ಹೋಯಿತು. ಜಿಲ್ಲಾ ಕೇಂದ್ರ ಕಾರವಾರವಾದರೋ ಘಟ್ಟದ ಕೆಳಗೆ. ದಾಂಡೇಲಿ, ಹಳಿಯಾಳದವರಿಗೆ ಧಾರವಾಡ, ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ. ಮೂಳೆಯ ತೊಂದರೆಗೆ ಕಿಮ್ಸ್ ಎಂದೇ ಜನ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ, ನಡವಳಿಕೆಯ ಸಲಹೆಗೆ ಧಾರವಾಡದ ಡಿಮ್ಹಾನ್ಸ್ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿದ್ದರೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಈ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಅವಕಾಶವಿದೆ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಎಕ್ಸ್‌ರೇ ಯಂತ್ರದ ಚಿತ್ರ ತೋರಿಸಿ, ಮೊದಲು ಬಸ್ಸು, ಆಮೇಲೆ ಡಾಕ್ಟರ್, ಆಮೇಲೆ ಮನೆ ಎಂದು ಹೇಳಿಡಿ. ಮಗುವಿಗೆ ಇಷ್ಟವಾದ ಟವೆಲ್ಲನ್ನೋ ಆಟಿಕೆಯನ್ನೋ ಜೊತೆಗೊಯ್ಯಿರಿ. ಗದ್ದಲವಿಲ್ಲದ ಮೂಲೆಯಲ್ಲಿ ಕಾಯಲು ಬಿಡಿ ಎಂದು ಕೇಳಲು ಸಂಕೋಚ ಬೇಡ.

ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ‘ವ್ಯಾಯಾಮ’ವೆಂದು ಮಾಡಿಸಲು ಹೋದರೆ ಮಗು ಓಡಿಹೋಗುತ್ತದೆ. ಅವರನ್ನೇ ಕೇಳಿ, ಮನೆಗೆಲಸದಲ್ಲಿ ಸೇರಿಸಿ. ನೀವು ರೊಟ್ಟಿ ತಟ್ಟುವಾಗ ಒಂದು ಸಣ್ಣ ಹಿಟ್ಟಿನ ಉಂಡೆಯನ್ನು ಅದರ ಮುಂದೆಯೂ ಇಡಿ. ಮೊದಲ ದಿನ ಬೆರಳಿಂದ ಚುಚ್ಚೀತು, ಅಷ್ಟೆ. ಮರುದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಉಂಡೆ ಇರಲಿ.