ಎಳ್ಳ ಅಮಾವಾಸ್ಯೆಯ ಬುತ್ತಿ



ಮಾರ್ಗಶಿರದ ಅಮಾವಾಸ್ಯೆ ನಾಲ್ಕು ದಿನ ಇದೆ ಎನ್ನುವಾಗ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ಭಾಗದ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಯ ಮುಂದೆ ಸಜ್ಜೆಯ ಡಬ್ಬಿಗಳು ಸಾಲುಗಟ್ಟುತ್ತವೆ. ಹಬ್ಬ ಬಂತೆಂದು ಹೇಳಲು ಬೇರೆ ಡಂಗುರ ಬೇಕಿಲ್ಲ. ನಾವು ಇದನ್ನು ಎಳ್ಳ ಅಮಾವಾಸ್ಯೆ ಎನ್ನುತ್ತೇವೆ. ಮರಾಠಿ ಮಾತಾಡುವ ನಮ್ಮ ನೆರೆಯವರು ವೇಳ ಅಮಾವಾಸ್ಯಾ ಎನ್ನುತ್ತಾರೆ. ಲಾತೂರು, ಧಾರಾಶಿವದ ಕಡೆಗೆ ಹೋದರೆ ಅದು ‘ಯೆಳವಸ’. ವೇಳ ಎಂದರೆ ಮರಾಠಿಯಲ್ಲಿ ಹೊತ್ತು. ಹೊತ್ತಿಗೂ ಈ ಹಬ್ಬಕ್ಕೂ ನಂಟು ಹುಡುಕುವವರು ಇದ್ದಾರೆ, ಆದರೆ ಕನ್ನಡ ಬಲ್ಲವರಿಗೆ ಅಷ್ಟು ದೂರ ಹೋಗುವ ಕೆಲಸವಿಲ್ಲ. ನಮ್ಮ ಎಳ್ಳೇ ಅಲ್ಲಿ ವೇಳವಾಗಿದೆ. ಅವರ ತಾಟಿನಲ್ಲಿ ಬೀಳುವ ಸಜ್ಜೆಯ ‘ಉಂಡೆ’ ನಮ್ಮ ಮಾತೇ. ಅವರ ‘ಆಂಬೀಲ’, ನಮ್ಮ ಅಂಬಲಿ ಒಂದೇ ಗಡಿಗೆಯವು.

ಇಂದು ಈ ಹಬ್ಬದ ಅಡಿಗೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅಡಿಗೆ ನಿಮಗೆ ಗೊತ್ತಿಲ್ಲವೆಂದಲ್ಲ. ಆದರೆ ಈ ಊಟದ ಸಾಮಾನು ಪೇಟೆಯ ಚೀಟಿಯಿಂದ ಬರುವಂಥದಲ್ಲ. ಹಿಂಗಾರಿ ಹೊಲದಲ್ಲಿ ಆ ವಾರ ಏನು ಇದೆಯೋ ಅದೇ ತಾಟಿಗೆ ಬರಬೇಕು. ಹೊಲ ಬದಲಾದರೆ ಊಟವೂ ಬದಲಾಗುತ್ತದೆ. ಆಗಲೇ ಅರ್ಧ ಬದಲಾಗಿದೆ ಕೂಡ.

ಮೊದಲು ಹೊಲವನ್ನು ನೋಡೋಣ. ಉತ್ತರಿ, ಹಸ್ತಿ ಮಳೆಗೆ ಬಿತ್ತಿದ ಬಿಳಿಜೋಳ ಈ ಹೊತ್ತಿಗೆ ಹೊಡೆ ಹಾದು ತೆನೆ ಹೊರಗೆ ಬಿದ್ದಿರುತ್ತದೆ. ಬೇಗ ಬಿತ್ತಿದ ಹೊಲದಲ್ಲಿ ಕಾಳಿಗೆ ಹಾಲು ತುಂಬುತ್ತಿರುತ್ತದೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಜೋಳದಿಂದ ಆರಿಸಿ ತೆಗೆದ ಮಾಲದಂಡಿ ತಳಿಯೇ ನಮ್ಮ ಕಪ್ಪು ನೆಲದಲ್ಲಿ ಇಂದಿಗೂ ಹೆಚ್ಚು. ಇಂಥ ಹೊಲವನ್ನು ನಮ್ಮ ಹಿರಿಯರು ಬಸಿರಿ ಹೆಣ್ಣುಮಗಳು ಎಂದರು. ಮುಂಗಾರಿ ಪೈರಿಗೆ ಸೀಗಿ ಹುಣ್ಣಿಮೆ, ಹಿಂಗಾರಿ ಪೈರಿಗೆ ಎಳ್ಳ ಅಮಾವಾಸ್ಯೆ, ಹೀಗೆ ವರ್ಷಕ್ಕೆ ಎರಡು ಸಲ ಭೂಮಿತಾಯಿಗೆ ಬಯಕೆಯ ಊಟ. ಬಯಕೆಯವಳಿಗೆ ಒಂದೇ ಪಲ್ಯ ಬಡಿಸಿದರೆ ನಡೆಯುತ್ತದೆಯೇ?

ಆ ಹತ್ತು ಬಗೆಯನ್ನು ಕೊಡುತ್ತಿದ್ದದ್ದು ಅಕ್ಕಡಿ ಸಾಲು. ಜೋಳದ ನಡುವೆ ಅಲ್ಲಲ್ಲಿ ಕಡಲೆ, ಕುಸುಬಿ, ಅಗಸೆ. ಮುಂಗಾರಿಯಲ್ಲೇ ಬಿತ್ತಿದ ತೊಗರಿ ಈಗ ಹಸಿಕಾಯಿ ಹೊತ್ತು ನಿಂತಿರುತ್ತದೆ. ಬದುವಿನ ಮೇಲೆ ಅವರೆ ಬಳ್ಳಿ, ಪುಂಡಿ. ಬಾವಿಯ ಮಗ್ಗುಲಲ್ಲಿ ಮೆಂತ್ಯ, ಉಳ್ಳಾಗಡ್ಡಿ, ಬದನೆ, ಮೂಲಂಗಿ. ಎಳ್ಳು, ಸಜ್ಜೆ, ಶೇಂಗಾ ಆಗಲೇ ರಾಶಿಯಾಗಿ ಮನೆಗೆ ಬಂದಿವೆ. ಹೊಸ ಎಳ್ಳು ಡಬ್ಬಿಯಲ್ಲಿ ಇರುವಾಗಲೇ ಈ ಹಬ್ಬ ಬೀಳುವುದು.

ಇನ್ನೊಂದು ಮಾತು. ಅಮಾವಾಸ್ಯೆ ಚಂದ್ರನ ಲೆಕ್ಕದ್ದು, ಪೈರು ಮಳೆ-ಬಿಸಿಲಿನ ಲೆಕ್ಕದ್ದು. ವರ್ಷಕ್ಕೆ ಹನ್ನೊಂದು ದಿನ ಹಬ್ಬ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದರೆ ಮತ್ತೆ ಮುಂದೆ ಹಾರುತ್ತದೆ. 2024ರಲ್ಲಿ ಎಳ್ಳ ಅಮಾವಾಸ್ಯೆ ಎರಡು ಸಲ ಬಂತು: ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ. 2025ರಲ್ಲಿ ಡಿಸೆಂಬರ್ 19ಕ್ಕೇ ಬಂದುಬಿಟ್ಟಿತು. ಜನವರಿಯ ಹಬ್ಬಕ್ಕೆ ಕಡಲೆ ಸುಲಗಾಯಿ ತುಂಬಿರುತ್ತದೆ, ಡಿಸೆಂಬರ್ ನಡುವಿನ ಹಬ್ಬಕ್ಕೆ ಬರೀ ಹೂವು, ಚಿಕ್ಕ ಕಾಯಿ. ಆದ್ದರಿಂದ “ಭಜ್ಜಿಗೆ ಇಷ್ಟೇ ಕಾಳು, ಇಷ್ಟೇ ಸೊಪ್ಪು” ಎಂದು ಅಳತೆ ಕಟ್ಟಿ ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಮುಂದೆ ನಾನು ಹೇಳುವ ಅಳತೆಯನ್ನೂ ಹಾಗೆಯೇ ತಿಳಿಯಿರಿ.

ಭಜ್ಜಿ ಎಂದೆ. ಹೋಟೆಲಿನಲ್ಲಿ ಎಣ್ಣೆಗೆ ಬಿಟ್ಟು ಕರಿದು ಕೊಡುವ ಭಜಿಯಲ್ಲ ಇದು. ಹಸಿಕಾಳು, ಕಾಯಿ, ಸೊಪ್ಪು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು, ಕಡಲೆ ಹಿಟ್ಟಿನಿಂದ ಗಟ್ಟಿಯಾಗುವ ಪಲ್ಯ. ಈ ಊಟದ ಜೀವ ಇದೇ. ಹತ್ತು ಜನಕ್ಕೆ ಹೇಳುತ್ತೇನೆ. ಸುಲಿದ ಹಸಿ ತೊಗರಿ, ಅವರೆ, ವಟಾಣಿ, ಸಿಕ್ಕರೆ ಹಸಿಕಡಲೆ, ಎಲ್ಲ ಸೇರಿ ಒಂದು ಕಿಲೋ. ಎಳೆ ಬದನೆಕಾಯಿ ಆರು, ಗಜ್ಜರಿ ಎರಡು, ಎಲೆಸಮೇತ ಉಳ್ಳಾಗಡ್ಡಿ ಒಂದು ಕಟ್ಟು. ಮೆಂತ್ಯ, ಪಾಲಕ, ರಾಜಗಿರಿ ತಲಾ ಒಂದು ಹಿಡಿ, ಪುಂಡಿ ಅರ್ಧ ಹಿಡಿ. ಕಡಲೆ ತಪ್ಪಲು ಎರಡು ಹಿಡಿ. ನಮ್ಮ ಮನೆಯಲ್ಲಿ ನಾಲ್ಕು ಬಾರಿಕಾಯಿಯೂ ಬೀಳುತ್ತವೆ.

ಕಾಳನ್ನು ಮೊದಲು ಬೇಯಿಸಿ. ಕಾಳು ಬೆರಳಿಗೆ ಮೆತ್ತಗಾಗುವವರೆಗೆ ಹುಳಿಯ ಪದಾರ್ಥ ಯಾವುದೂ ಬೀಳಬಾರದು. ಹುಳಿ ಬಿದ್ದರೆ ಕಾಳು ಸೆಟೆದುಕೊಳ್ಳುತ್ತದೆ, ಮತ್ತೆ ಎಷ್ಟು ಉರಿ ಹಾಕಿದರೂ ಬೇಯಲು ಮೊಂಡುತನ ಮಾಡುತ್ತದೆ. ಹುಣಸೆಹಣ್ಣು ಹುಳಿ ಎಂದು ಎಲ್ಲರಿಗೂ ಗೊತ್ತು. ಪುಂಡಿಯೂ ಕಡಲೆ ತಪ್ಪಲೂ ಹುಳಿಯೇ ಎನ್ನುವುದು ಕೈಯವಸರದಲ್ಲಿ ಮರೆಯುತ್ತದೆ. ಮದುವೆಯಾದ ಮೊದಲ ವರ್ಷ ನಾನು ಎಲ್ಲ ಸೊಪ್ಪನ್ನೂ ಒಟ್ಟಿಗೇ ಸುರಿದು, ಹೊಲದಲ್ಲಿ ಇಪ್ಪತ್ತು ಜನರ ಮುಂದೆ ಕಟಕಟ ಎನ್ನುವ ತೊಗರಿಕಾಳು ಬಡಿಸಿದೆ. ಅತ್ತಿ ಏನೂ ಅನ್ನಲಿಲ್ಲ. ಮಾವನವರು ಮಾತ್ರ “ಹಲ್ಲು ಇದ್ದವರು ಉಣ್ಣ್ರಿ” ಎಂದರು.

ಕಾಳು ಬೆಂದ ಮೇಲೆ ಕಾಯಿಪಲ್ಯ, ಆಮೇಲೆ ಸಪ್ಪೆ ಸೊಪ್ಪು, ಕಟ್ಟಕಡೆಗೆ ಹುಳಿ ಸೊಪ್ಪು. ಕಡಲೆ ಹಿಟ್ಟು ಒಂದು ವಾಟಿ, ಅದನ್ನು ತೆಳುವಾದ ಹುಣಸೆ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಉರಿ ಸಣ್ಣ ಮಾಡಿ, ಒಂದು ಕೈಯಲ್ಲಿ ತಿರುವುತ್ತ ಇನ್ನೊಂದು ಕೈಯಲ್ಲಿ ಸುರಿಯಿರಿ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಒರಳಲ್ಲಿ ಕುಟ್ಟಿದ್ದು, ಹುರಿದ ಶೇಂಗಾ, ಎಳ್ಳಿನ ಪುಡಿ ನಾಲ್ಕು ಚಮಚೆ, ಉಪ್ಪು, ಅರಿಷಿಣ. ಹಸಿಹಿಟ್ಟಿನ ವಾಸನೆ ಹೋಗಲು ಹತ್ತು ನಿಮಿಷ ಸಣ್ಣ ಉರಿ ಬೇಕು. ಮೇಲೆ ಶೇಂಗಾ ಎಣ್ಣೆಯ ಒಗ್ಗರಣೆ. ರೊಟ್ಟಿಯ ಮೇಲೆ ಹಾಕಿದರೆ ಹರಿಯದೆ ನಿಲ್ಲಬೇಕು, ಅದೇ ಹದ.

ಕಡಲೆ ತಪ್ಪಲಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಕಡಲೆಯ ಎಲೆಯ ಮೇಲಿನ ಸಣ್ಣ ಕೂದಲುಗಳು ಹುಳಿರಸ ಸೂಸುತ್ತವೆ. ಹಿಂದೆ ನಸುಕಿನಲ್ಲಿ ಕಡಲೆ ಹೊಲದ ಮೇಲೆ ಅರಿವೆ ಹಾಸಿ, ಇಬ್ಬನಿಯ ಜೊತೆ ಆ ಹುಳಿಯನ್ನು ಹಿಂಡಿ ಶೀಸೆಯಲ್ಲಿ ಇಡುತ್ತಿದ್ದರು, ಹೊಟ್ಟೆನೋವಿಗೆ ಮನೆಮದ್ದು. ಗಿಡ ಹೂ ಬಿಡುವ ಮುಂಚೆ, ಬಿತ್ತಿದ ತಿಂಗಳು-ತಿಂಗಳೂವರೆಯಲ್ಲಿ ಕುಡಿ ಚಿವುಟಿದರೆ ಮಗ್ಗುಲು ಕವಲು ಹೆಚ್ಚುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಆ ಕುಡಿಯನ್ನು ತೊಳೆಯದೆ ನೆರಳಲ್ಲಿ ಒಣಗಿಸಿ ಗಡಿಗೆಯಲ್ಲಿ ಕಟ್ಟಿಡುತ್ತಿದ್ದರು, ಏಕೆಂದರೆ ತೊಳೆದರೆ ಹುಳಿ ಹೋಗುತ್ತದೆ. ಅಮಾವಾಸ್ಯೆಗೆ ಹಸಿ ಕುಡಿ ಸಿಗದಿದ್ದರೆ ಈ ಒಣ ತಪ್ಪಲೇ ಭಜ್ಜಿಗೆ.

ತೊಳೆಯದೆ ಎಂದೆನಲ್ಲ, ಅಲ್ಲೇ ಈಗ ತೊಡಕು. ತೊಗರಿ, ಕಡಲೆಗೆ ಹೂವು-ಕಾಯಿಯ ಹೊತ್ತಿನಲ್ಲಿ ಕಾಯಿಕೊರಕ ಹುಳು ಬೀಳುತ್ತದೆ, ಅದಕ್ಕೆ ಔಷಧಿ ಹೊಡೆಯುತ್ತೇವೆ. ಹಬ್ಬ ಬೀಳುವುದೂ ಅದೇ ಹೊತ್ತಿಗೆ. ಕೆಲವು ವರ್ಷಗಳ ಹಿಂದೆ ಗುರುವಾರ ನಮ್ಮ ಮೈದುನ ತೊಗರಿಗೆ ಔಷಧಿ ಹೊಡೆದಿದ್ದ, ಅಮಾವಾಸ್ಯೆ ಭಾನುವಾರ. ಶನಿವಾರ ಸಂಜೆ ನಾನು ಬುಟ್ಟಿ ಹಿಡಿದು ಕಾಯಿ ಬಿಡಿಸಲು ಹೋದೆ. ಅರ್ಧ ಬುಟ್ಟಿ ತುಂಬಿದಾಗ ಅವನು ಬದುವಿನಿಂದ ಕೂಗಿದ. ಆ ಕಾಯನ್ನು ಅಲ್ಲೇ ಕುಣಿ ತೋಡಿ ಹೂತೆವು, ದನಕ್ಕೂ ಹಾಕಲಿಲ್ಲ. ಆ ವರ್ಷದ ಭಜ್ಜಿಗೆ ಕಾಳು ಪೇಟೆಯಿಂದ ಬಂತು. ಭೂಮಿತಾಯಿಗೆ ಅವಳದಲ್ಲದ ಕಾಳು ಎಡೆ ಹಿಡಿದೆವು. ಆ ಪೇಟೆಯ ಕಾಯಿಗೆ ಯಾರು ಯಾವಾಗ ಏನು ಹೊಡೆದಿದ್ದರೋ, ಕೇಳುವುದು ಯಾರನ್ನು?

ಮುಂದಿನ ವರ್ಷದಿಂದ ಬಾವಿಯ ಕಡೆಯ ನಾಲ್ಕು ಸಾಲನ್ನು ಹಬ್ಬದ ಸಾಲು ಎಂದು ಬಿಟ್ಟಿದ್ದೇವೆ. ಕೂರಿಗೆ ಹೂಡಿದ ದಿನವೇ ಅಲ್ಲಿ ಕಡಲೆ, ಅಗಸೆ, ಕುಸುಬಿ ಬೆರೆಸಿ ಬಿತ್ತುತ್ತೇವೆ, ಬದುವಿಗೆ ಅವರೆ ಬೀಜ ಊರುತ್ತೇವೆ. ಅದಕ್ಕೆ ಪೇಟೆಯ ಔಷಧಿ ಇಲ್ಲ. ಹುಳು ಹೆಚ್ಚಾದರೆ ಬೇವಿನ ಬೀಜದ ಕಷಾಯ. ಐದು ಕಿಲೋ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಸೋಸಿ ನೂರು ಲೀಟರ್ ಮಾಡುವುದು. ನಾಲ್ಕು ಸಾಲಿಗೆ ಇದರ ಒಂದು ಪಾಲು ಸಾಕು. ಕಡಲೆಯ ನಡುವೆ ಎದ್ದು ನಿಂತ ಜೋಳದ ದಂಟಿನ ಮೇಲೆ ಹಕ್ಕಿಗಳು ಕೂತು ಹುಳು ಆರಿಸುತ್ತವೆ, ಇದನ್ನು ಕೃಷಿ ಇಲಾಖೆಯವರೂ ಹೇಳುತ್ತಾರೆ. ಪಕ್ಕದ ಹೊಲದವರು ಹೊಡೆಯುವಾಗ ಗಾಳಿ ಯಾವ ಕಡೆಗಿದೆ ನೋಡಬೇಕು, ಅವರಿಗೆ ಮೊದಲೇ ಹೇಳಿಡಬೇಕು. ಇನ್ನು ನೀವು ಹೊಡೆಯುವ ಔಷಧಿಯ ಜೊತೆ ಬರುವ ಚೀಟಿಯಲ್ಲಿ, ಹೊಡೆದ ಎಷ್ಟು ದಿನದ ಮೇಲೆ ಕೊಯ್ಯಬೇಕೆಂದು ಬರೆದಿರುತ್ತದೆ. ಅಕ್ಷರ ಸಣ್ಣವು. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಕುರನೂರ ಕೆರೆಯ ಕೆಳಗೆ ಕಬ್ಬು ಹಚ್ಚಿದವರು, ದ್ರಾಕ್ಷಿ, ದಾಳಿಂಬೆ ಮಾಡಿದವರು “ನಮಗೆಲ್ಲಿಯ ಅಕ್ಕಡಿ?” ಎನ್ನುತ್ತಾರೆ. ಅವರದೂ ಸರಿಯೇ, ಜೋಳ ಅವರ ಸಾಲ ತೀರಿಸುವುದಿಲ್ಲ. ಆದರೂ ಬಾವಿಯ ದಂಡೆಯಲ್ಲಿ ಎರಡು ಗುಂಟೆ ಜಾಗ ಕಬ್ಬಿನವರಿಗೂ ಇರುತ್ತದೆ.

ಉಳಿದ ಅಡಿಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸಜ್ಜೆ ಹಿಟ್ಟನ್ನು ಹಬ್ಬಕ್ಕೆ ಮೂರು-ನಾಲ್ಕು ದಿನ ಮುಂಚೆ ಬೀಸಿಸಿ, ತಿಂಗಳ ಮುಂಚೆ ಬೇಡ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಹಿಟ್ಟು ಬೇಗ ಕಹಿಯಾಗುತ್ತದೆ. ಬೇಯಿಸಿ ಒಣಗಿಸಿದ ಕಟಕ ರೊಟ್ಟಿ ಮಾತ್ರ ವಾರಗಟ್ಟಲೆ ಕೆಡದು. ಸಜ್ಜೆಗೆ ಗೋಧಿಯ ಅಂಟು ಇಲ್ಲ, ಕುದಿಯುವ ಎಸರು ಹಾಕಿ ನಾದಿದರಷ್ಟೇ ರೊಟ್ಟಿ ಹರಿಯದೆ ಏಳುತ್ತದೆ. ತಟ್ಟಿದ ಮೇಲೆ ಹಸಿ ಕೈಯಿಂದ ಎಳ್ಳು ಒತ್ತಬೇಕು. ಅದೇ ಹಿಟ್ಟಿನ ಉಂಡೆ ಮಾಡಿ ಹಬೆಯಲ್ಲಿ ಬೇಯಿಸಿದರೆ ಕಡುಬು. ಶೇಂಗಾ ಹೋಳಿಗೆಗೆ ಹುರಿದ ಶೇಂಗಾ ಎರಡು ವಾಟಿ, ಎಳ್ಳು ಅರ್ಧ ವಾಟಿ, ಬೆಲ್ಲ ಒಂದೂವರೆ ವಾಟಿ. ಹೂರಣಕ್ಕೆ ನೀರು ತಾಗದಿದ್ದರೆ ಎಂಟು ದಿನ ಇರುತ್ತದೆ.

ಅಂಬಲಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಜೋಳದ ಹಿಟ್ಟು ಎರಡು ಹಿಡಿ, ಹುಳಿ ಮಜ್ಜಿಗೆ ಒಂದು ತಂಬಿಗೆ. ಬೆಳಿಗ್ಗೆ ನೀರು ಬೆರೆಸಿ ಕುದಿಸಿ, ಆರಿದ ಮೇಲೆ ಮತ್ತೆ ಮಜ್ಜಿಗೆ, ಜಜ್ಜಿದ ಬಳ್ಳೊಳ್ಳಿ, ಜೀರಿಗೆ, ಉಪ್ಪು. ಮಣ್ಣಿನ ಗಡಿಗೆಗೇ ಹಾಕಿರಿ. ಗಡಿಗೆ ಬೆವರಿದಷ್ಟೂ ಒಳಗಿನದು ತಣ್ಣಗೆ. ಸ್ಟೀಲಿನ ಡಬ್ಬಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಅದು ಬಿಸಿನೀರೇ.

ಹೊಲಕ್ಕೆ ಹೋದ ಮೇಲೆ ಬನ್ನಿ ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ, ಎಡೆ. ಪ್ರತಿ ಅಡಿಗೆಯಿಂದ ಒಂದಿಷ್ಟು ತೆಗೆದು ಬುಟ್ಟಿಯಲ್ಲಿ ಕಲಸಿ ಒಬ್ಬರು ಹೊಲದ ಸುತ್ತ ಚರಗ ಚೆಲ್ಲುತ್ತಾರೆ, ಹಿಂದಿನಿಂದ ಇನ್ನೊಬ್ಬರು ನೀರು ಚಿಮುಕಿಸುತ್ತಾರೆ. ಹುಲಿಗೋ ಎಂಬ ಕೂಗು ಒಂದು ಹೊಲದಿಂದ ಇನ್ನೊಂದಕ್ಕೆ ದಾಟುತ್ತದೆ. ಲಾತೂರಿನ ಕಡೆಗೂ ಚರಗದ ಕೂಗು ಇದೆ, ಮಾತು ಸವೆದು ಬೇರೆಯಾಗಿದೆ. ಕೂಗುವವರಿಗೆ ಅರ್ಥ ತಿಳಿಯದು, ಕೂಗುವುದನ್ನು ಮಾತ್ರ ಬಿಟ್ಟಿಲ್ಲ.

ಆಮೇಲೆ ಊಟ. ಹೊಲವಿಲ್ಲದವರನ್ನು, ಊರಿಗೆ ಬಂದ ಮಾಸ್ತರರನ್ನು, ದಾರಿಯಲ್ಲಿ ಹೋಗುವವರನ್ನು ಕರೆದು ಕೂಡಿಸುವುದು ನಮ್ಮ ಕಡೆಯ ರೂಢಿ, ಆದ್ದರಿಂದ ಹತ್ತು ಜನರಿದ್ದರೆ ಹದಿನೈದರ ಲೆಕ್ಕಕ್ಕೆ ಮಾಡಿಕೊಳ್ಳಿ. ಉಳಿದ ಭಜ್ಜಿ ರಾತ್ರಿಗೆ ಮುದ್ದೆಗಟ್ಟುತ್ತದೆ. ಕೆಡಿಸಬೇಡಿ. ಮರುದಿನ ಬೆಳಿಗ್ಗೆ ಒಂದು ಲೋಟ ಬಿಸಿನೀರು ಬಿಟ್ಟು ಸಣ್ಣ ಉರಿಯಲ್ಲಿ ಕುದಿಸಿ, ಕಟಕ ರೊಟ್ಟಿಯನ್ನು ಅದರೊಳಗೆ ಮುರಿದು ಹಾಕಿ, ಮೇಲೆ ಹಸಿ ಉಳ್ಳಾಗಡ್ಡಿ. ನಮ್ಮ ಮನೆಯಲ್ಲಿ ಹಬ್ಬದ ದಿನಕ್ಕಿಂತ ಆ ಬೆಳಗಿನ ತಾಟಿಗೇ ಜಗಳ.